ವಿಕ್ಸನ್ ಮೇಳ: ಬಣ್ಣ, ನಾದ, ಹೆಸರು

ಸಂಗೀತವೆಂದೊಡನೆ ನಮ್ಮಲ್ಲಿ ಕೆಲವರ ಮನಸ್ಸು ತಂಬೂರಿಯ ಕಡೆಗೆ ಹೋಗುತ್ತದೆ, ಹಲವರದು ಚಲನಚಿತ್ರದ ಹಾಡುಗಳ ಕಡೆಗೆ. ಕೊಡಗಿನಲ್ಲಿ ಹುಟ್ಟಿ ಬೆಳೆದವರಿಗೆ ಇವೆರಡರ ಜೊತೆಗೆ ವಾಲಗವೂ ಉಂಟು, ದುಡಿಯೂ ಉಂಟು. ನಾನು ಇಲ್ಲಿ ಬರೆಯಹೊರಟಿರುವುದು ಇವು ಯಾವುದಕ್ಕೂ ಸೇರದ ಒಂದು ಸಂಗೀತವನ್ನು ಕುರಿತು. ಅದನ್ನು ‘ಗ್ಲ್ಯಾಮ್ ಮೆಟಲ್’ ಎನ್ನುತ್ತಾರೆ. ಅಮೆರಿಕದಲ್ಲಿ ಆ ಸಂಗೀತವನ್ನು ನುಡಿಸಿ ಹೆಸರು ಪಡೆದ, ಮುಂದೆ ಆ ಹೆಸರಿಗಾಗಿಯೇ ನ್ಯಾಯಾಲಯದ ಮೆಟ್ಟಿಲು ಹತ್ತಿದ ‘ವಿಕ್ಸನ್’ ಎಂಬ ಹೆಂಗಸರ ಮೇಳದ ಕಥೆ ಇದು. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದಬೇಕಾದ ಅಂತಿಮ ವರ್ಷದ ವಿದ್ಯಾರ್ಥಿನಿಗೆ ಈ ಗೊಡವೆಯೇಕೆ ಎಂದು ಗುರುಗಳು ಹುಬ್ಬೇರಿಸಬಹುದು. ಕೊನೆಯವರೆಗೆ ಓದಿದರೆ ಇದರಲ್ಲಿಯೂ ಅಷ್ಟಿಷ್ಟು ಇತಿಹಾಸ, ಅರ್ಥಶಾಸ್ತ್ರ ಎರಡೂ ಇವೆಯೆಂದು ಅವರೇ ಒಪ್ಪುವರೆಂಬ ಭರವಸೆ ನನ್ನದು.

ಈ ಸಂಗೀತದ ಪರಿಚಯ ನನಗಾದುದು ಗ್ರಂಥಾಲಯದಲ್ಲಲ್ಲ, ಅಡುಗೆಮನೆಯಲ್ಲಿ. ನನ್ನ ತಾಯಿ ಕಾಫಿ ತೋಟದ ಕೂಲಿ. ತಂದೆಯವರು ತೋಟದ ಕೆಲಸ ಬಿಟ್ಟು ಈಗ ಒಂದು ಹೋಂಸ್ಟೇಯಲ್ಲಿ ಅಡುಗೆ ಮಾಡುತ್ತಾರೆ. ರಜೆಯಲ್ಲಿ ನಾನೂ ಅಲ್ಲಿಗೆ ಹೋಗಿ ತೆಂಗಿನಕಾಯಿ ತುರಿಯುವುದು, ಪಾತ್ರೆ ತೊಳೆಯುವುದು ಮಾಡುತ್ತೇನೆ. ಪದವಿಯ ಎರಡನೆಯ ವರ್ಷದಲ್ಲಿ, ಡಿಸೆಂಬರ್ ತಿಂಗಳ ಒಂದು ರಾತ್ರಿ, ಬೆಂಗಳೂರಿನಿಂದ ಬಂದ ಅತಿಥಿಗಳು ಅಂಗಳದಲ್ಲಿ ಬೆಂಕಿ ಹಾಕಿಕೊಂಡು ಕುಳಿತಿದ್ದರು. ಅವರು ತಂದಿದ್ದ ಸ್ಪೀಕರಿನಿಂದ ಗುಡುಗಿನಂತಹ ಗಿಟಾರಿನ ನಾದ ಕೇಳಿಬಂತು. ಆ ಗುಡುಗಿನ ಮೇಲೆ, ಅದಕ್ಕೆ ಕಿಂಚಿತ್ತೂ ಅಂಜದೆ, ಒಂದು ಹೆಣ್ಣುದನಿ ಏರಿ ನಿಂತಿತ್ತು. ರೊಟ್ಟಿಯ ತಟ್ಟೆ ಇಡಲು ಹೋದವಳು ತಡೆಯಲಾರದೆ ಕೇಳಿಯೇಬಿಟ್ಟೆ:

“ಮೇಡಂ, ಇದು ಯಾರು ಹಾಡಿದ್ದು?”

ಐವತ್ತು ದಾಟಿದ್ದ ಆಕೆ ನಕ್ಕು, “ವಿಕ್ಸನ್ ಅಂತ. ಹಾಡಿದ್ದು ಮಾತ್ರ ಅಲ್ಲಮ್ಮ, ಗಿಟಾರು, ಡ್ರಮ್ಮು, ಎಲ್ಲಾ ಹೆಂಗಸರೇ” ಎಂದರು.

ನಾನು ನಂಬಲಿಲ್ಲ. ಹಾಡು ಹೆಣ್ಣಿನದಿರಬಹುದು, ಆದರೆ ಆ ಬಡಿತ, ಆ ಆರ್ಭಟ ಗಂಡಸರದೇ ಸರಿ ಎಂದು ಮನಸ್ಸಿನಲ್ಲಿ ತೀರ್ಮಾನಿಸಿ ಒಳಗೆ ಹೋದೆ. ಆ ಮೇಳದ ಕಥೆಯನ್ನು ಓದಿದ ಮೇಲೆ ತಿಳಿಯಿತು: ಅವರು ತಮ್ಮ ವೃತ್ತಿಜೀವನದ ಉದ್ದಕ್ಕೂ ಎದುರಿಸಿದುದು ಇದೇ ಅಪನಂಬಿಕೆಯನ್ನು. ನಾನು ಹೆಣ್ಣಾಗಿಯೂ ಅವರ ವಿರುದ್ಧ ಪಕ್ಷದಲ್ಲಿಯೇ ನಿಂತಿದ್ದೆ.

ನನಗೆ ನಂಬಿಕೆ ಬಾರದಿರಲು ಒಂದು ಕಾರಣವೂ ಇತ್ತು. ನಾನು ಪ್ರೌಢಶಾಲೆಯಲ್ಲಿದ್ದಾಗ ನಮ್ಮ ಲೈನ್ ಮನೆಗಳ ಬಳಿ ಗಣೇಶನನ್ನು ಕೂರಿಸಿದ್ದರು. ಆರ್ಕೆಸ್ಟ್ರಾದವರು ಮಧ್ಯಾಹ್ನವೇ ಬಂದು ವಾದ್ಯಗಳನ್ನು ಜೋಡಿಸಿಟ್ಟಿದ್ದರು. ಡ್ರಮ್ಮಿನ ಮುಂದಿನ ಪೀಠ ಖಾಲಿಯಿರುವುದನ್ನು ಕಂಡು ನಾನು ಹೋಗಿ ಕುಳಿತು ಕೋಲು ಎತ್ತಿಕೊಂಡೆ. ಬಾರಿಸುವವರು ವಯಸ್ಸಾದವರು. “ಬೇಡ ಮಗಳೇ, ಇದು ಹುಡುಗರು ಬಡಿಯೋದು. ನೀನು ಬೇಕಾದ್ರೆ ಒಂದು ಹಾಡು ಹೇಳು” ಎಂದು ಮೆಲ್ಲಗೆ ಕೋಲನ್ನು ತೆಗೆದುಕೊಂಡರು. ಆತ ಕೆಟ್ಟವರಲ್ಲ; ನನಗೂ ನನ್ನ ತಮ್ಮನಿಗೂ ಚಹಾ, ಬನ್ನು ಕೊಡಿಸಿದರು. ಸಂಜೆ ನಾನು ಹಾಡಿದೆ, ಚಪ್ಪಾಳೆಯೂ ಬಿತ್ತು. ಆದರೆ ಕೈಯಿಂದ ಹೋದ ಕೋಲಿನ ಭಾರ ಮಾತ್ರ ಕೈಯಲ್ಲೇ ಉಳಿಯಿತು.

ಇರಲಿ. ಮೊದಲು ಈ ಸಂಗೀತದ ಸ್ವರೂಪವೇನೆಂಬುದನ್ನು ನೋಡೋಣ.

ವಿದ್ಯುತ್ ಗಿಟಾರಿಗೆ ವೀಣೆಯ ಹಾಗೆ ಟೊಳ್ಳಾದ ಬುರುಡೆ ಬೇಕಿಲ್ಲ. ಅದರ ಉಕ್ಕಿನ ತಂತಿಗಳ ಕೆಳಗೆ, ತೆಳುವಾದ ತಾಮ್ರದ ತಂತಿ ಸುತ್ತಿದ ಅಯಸ್ಕಾಂತಗಳಿರುತ್ತವೆ. ತಂತಿ ಮಿಡಿದಾಗ ಆ ಸುರುಳಿಯಲ್ಲಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಧ್ವನಿವರ್ಧಕ ಅದನ್ನು ಹಿಗ್ಗಿಸಿ ಸ್ಪೀಕರಿಗೆ ಕಳುಹಿಸುತ್ತದೆ. ಧ್ವನಿವರ್ಧಕ ತಾಳಬಲ್ಲುದಕ್ಕಿಂತ ಹೆಚ್ಚಿನ ಬಲವನ್ನು ಅದಕ್ಕೆ ಊಡಿದರೆ ಅಲೆಯ ನೆತ್ತಿಯೂ ಬುಡವೂ ಕತ್ತರಿಸಿದಂತಾಗಿ, ಮೂಲ ಸ್ವರದ ಜೊತೆಗೆ ಅನೇಕ ಉಪಸ್ವರಗಳು ಎದ್ದು, ನಾದ ಒರಟಾಗುತ್ತದೆ. ಮೊದಲು ಇದನ್ನು ಯಂತ್ರದ ದೋಷವೆಂದೇ ತಿಳಿದಿದ್ದರು. ೧೯೬೦ರ ದಶಕದ ಗಿಟಾರ್ ವಾದಕರು ಆ ದೋಷವನ್ನೇ ಗುಣವಾಗಿ ಮಾಡಿಕೊಂಡರು. ‘ಹೆವಿ ಮೆಟಲ್’ ಸಂಗೀತದ ಮೂಲಧಾತು ಈ ಒರಟು ನಾದವೇ.

ಒರಟು ನಾದದಲ್ಲಿ ಬಹಳ ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಕಲಸುಮೇಲೋಗರವಾಗುತ್ತದೆ. ಆದುದರಿಂದ ಈ ವಾದಕರು ಹೆಚ್ಚಾಗಿ ಎರಡೇ ಸ್ವರಗಳನ್ನು ಜೊತೆಗೂಡಿಸುತ್ತಾರೆ: ಆಧಾರಸ್ವರ ಮತ್ತು ಅದರ ಐದನೆಯ ಸ್ವರ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಷಡ್ಜ ಮತ್ತು ಪಂಚಮ. ತಂಬೂರಿಯಲ್ಲಿ ಶ್ರುತಿಯಾಗಿ ನಿಂತು ಮನಸ್ಸನ್ನು ತಣಿಸುವ ಅದೇ ಸ-ಪ, ಇಲ್ಲಿ ಗುಡುಗಾಗಿ ಎದೆಗೆ ಬಡಿಯುತ್ತದೆ! ನಡುವೆ ಪ್ರಧಾನ ಗಿಟಾರಿನವರು ತಂತಿಯನ್ನು ಪಕ್ಕಕ್ಕೆ ಸೆಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ನಮ್ಮವರಿಗೆ ವೀಣೆಯ ಗಮಕ ನೆನಪಾದರೆ ಆಶ್ಚರ್ಯವಿಲ್ಲ. ಇದು ಬರಿಯ ಗದ್ದಲವಲ್ಲ, ಇದಕ್ಕೂ ಒಂದು ಲೆಕ್ಕವಿದೆ, ಅಭ್ಯಾಸವಿದೆ ಎಂಬುದಷ್ಟೇ ನನ್ನ ಮಾತಿನ ತಾತ್ಪರ್ಯ.

ಇನ್ನು ‘ಗ್ಲ್ಯಾಮ್’ ಎಂಬುದರ ಅರ್ಥ ಥಳುಕು, ಬೆಡಗು. ೧೯೭೦ರ ದಶಕದ ಮೊದಲಲ್ಲಿ ಇಂಗ್ಲೆಂಡಿನ ಮಾರ್ಕ್ ಬೋಲನ್, ಡೇವಿಡ್ ಬೋವಿ ಮೊದಲಾದ ಗಾಯಕರು ಮುಖಕ್ಕೆ ಬಣ್ಣ ಹಚ್ಚಿ, ಮಿನುಗುವ ಉಡುಪು ತೊಟ್ಟು ರಂಗಕ್ಕೆ ಬಂದರು. ಈ ವೇಷವೂ ಮೆಟಲ್ ಸಂಗೀತದ ಆರ್ಭಟವೂ ಅಮೆರಿಕದ ಲಾಸ್ ಏಂಜಲಿಸ್ ನಗರದ ಸನ್‌ಸೆಟ್ ಬೀದಿಯ ಸಂಗೀತಶಾಲೆಗಳಲ್ಲಿ ಒಂದುಗೂಡಿದವು. ೧೯೮೧ರಲ್ಲಿ ‘ಮಾಟ್ಲಿ ಕ್ರೂ’ ಎಂಬ ಮೇಳ ಅಲ್ಲಿ ಹುಟ್ಟಿತು. ಅದೇ ವರ್ಷ ಆಗಸ್ಟ್ ೧ರಂದು ಎಂ.ಟಿ.ವಿ. ಎಂಬ ಸಂಗೀತದ ದೂರದರ್ಶನ ವಾಹಿನಿ ಆರಂಭವಾಯಿತು. ಕಿವಿಗೆ ಮಾತ್ರ ಸೇರಿದ್ದ ಹಾಡು ಕಣ್ಣಿಗೂ ಸೇರಿತು. ಚೆಲುವಾಗಿ ಕಾಣುವವರಿಗೆ ಬೆಲೆ ಬಂತು. ೧೯೮೩ರ ನವೆಂಬರಿನಲ್ಲಿ ‘ಕ್ವಾಯೆಟ್ ರಯಟ್’ ಎಂಬ ಮೇಳದ ಧ್ವನಿಸುರುಳಿ ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು. ಮುಂದಿನ ಏಳೆಂಟು ವರ್ಷ ಈ ಸಂಗೀತದ್ದೇ ರಾಜ್ಯಭಾರ.

ಇಲ್ಲಿ ಒಂದು ವಿನೋದವನ್ನು ಗಮನಿಸಬೇಕು. ಈ ಮೇಳಗಳ ಗಂಡಸರು ತುಟಿಗೆ ಬಣ್ಣ, ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು, ಉದ್ದನೆಯ ಕೂದಲನ್ನು ದ್ರಾವಣ ಸಿಂಪಡಿಸಿ ಹುತ್ತದಂತೆ ಎತ್ತರಿಸುತ್ತಿದ್ದರು. ಹೆಂಗಸರ ಅಲಂಕಾರವೆಲ್ಲವೂ ಅವರ ಮೈಮೇಲಿತ್ತು. ಅದನ್ನು ಜನ ಧೈರ್ಯವೆಂದರು, ಕಲೆಯೆಂದರು. ನಮ್ಮ ವೃತ್ತಿರಂಗಭೂಮಿಯಲ್ಲಿ ಗಂಡಸರು ಸೀರೆಯುಟ್ಟು ಸೀತೆ, ದ್ರೌಪದಿಯರಾದಾಗಲೂ ಹಾಗೆಯೇ ಮೆಚ್ಚಿದ್ದರಲ್ಲವೇ? ಆದರೆ ಅದೇ ಬಣ್ಣವನ್ನು ಹೆಣ್ಣುಮಕ್ಕಳು ಹಚ್ಚಿಕೊಂಡು ಅದೇ ವಾದ್ಯಗಳೊಡನೆ ಅದೇ ರಂಗಕ್ಕೆ ಬಂದಾಗ, ‘ಇವರಿಗೆ ಇರುವುದು ಬಣ್ಣ ಒಂದೇ’ ಎಂಬ ಮಾತು ಹುಟ್ಟಿತು. ಬಣ್ಣ ಒಂದೇ, ಹಚ್ಚಿಕೊಂಡ ಮುಖ ಬೇರೆಯಾದೊಡನೆ ಅರ್ಥವೂ ಬೇರೆಯಾಯಿತು.

ವಿಕ್ಸನ್ ಮೇಳವೇ ಈ ದಾರಿಯಲ್ಲಿ ಮೊದಲನೆಯದಲ್ಲ. ಲಾಸ್ ಏಂಜಲಿಸ್‌ನಲ್ಲಿ ೧೯೭೫ರಲ್ಲಿಯೇ ‘ರನ್‌ಅವೇಸ್’ ಎಂಬ ಹುಡುಗಿಯರ ಮೇಳ ಹುಟ್ಟಿತ್ತು. ಲಂಡನ್ನಿನಲ್ಲಿ ೧೯೭೮ರಲ್ಲಿ ‘ಗರ್ಲ್‌ಸ್ಕೂಲ್’ ಹುಟ್ಟಿತು. ಆದರೆ ಥಳುಕಿನ ಮೆಟಲ್ ಸಂಗೀತ ಉತ್ತುಂಗದಲ್ಲಿದ್ದಾಗ, ಗಂಡಸರ ಮೇಳಗಳ ಸಾಲಿನಲ್ಲಿ ನಿಂತು ಅವರಂತೆಯೇ ಮಾರಾಟ ಕಂಡ ಹೆಂಗಸರ ಮೇಳವೆಂದರೆ ಮುಖ್ಯವಾಗಿ ವಿಕ್ಸನ್.

ಈ ಮೇಳವನ್ನು ಕಟ್ಟಿದವರು ಜ್ಯಾನ್ ಕ್ಯೂನೆಮಂಡ್ ಎಂಬ ಗಿಟಾರ್ ವಾದಕಿ. ಅಮೆರಿಕದ ಉತ್ತರ ಭಾಗದಲ್ಲಿ, ಚಳಿಗೆ ಹೆಸರಾದ ಮಿನ್ನೆಸೋಟ ರಾಜ್ಯದ ಸೇಂಟ್ ಪಾಲ್ ಅವರ ಊರು. ೧೯೭೦ರ ದಶಕದಲ್ಲಿಯೇ ಅವರು ಗೆಳತಿಯರನ್ನು ಕೂಡಿಸಿಕೊಂಡು ನುಡಿಸತೊಡಗಿದ್ದರು. ೧೯೮೦ರಲ್ಲಿ ವಿಕ್ಸನ್ ಎಂಬ ಹೆಸರಿನ ಮೇಳ ನಿಂತಿತು. ವಿಕ್ಸನ್ ಎಂದರೆ ಇಂಗ್ಲಿಷಿನಲ್ಲಿ ಹೆಣ್ಣುನರಿ. ಗಯ್ಯಾಳಿ ಎಂಬ ಅರ್ಥವೂ ಉಂಟು. ಜನ ಬೈಗುಳವಾಗಿ ಬಳಸುವ ಮಾತನ್ನು ತಾವಾಗಿಯೇ ಎತ್ತಿಕೊಂಡು ಹಣೆಗೆ ಹಚ್ಚಿಕೊಂಡುದರಲ್ಲಿ ಒಂದು ಜಾಣತನವಿದೆ. ೧೯೮೩ರಲ್ಲಿ ಜ್ಯಾನೆಟ್ ಗಾರ್ಡ್‌ನರ್ ಗಾಯಕಿಯಾಗಿ ಸೇರಿದರು. ಅಂದು ಅಂಗಳದಲ್ಲಿ ನಾನು ಕೇಳಿದ ದನಿ ಇವರದೇ.

ಅವಕಾಶವನ್ನು ಹುಡುಕಿಕೊಂಡು ಮೇಳ ಲಾಸ್ ಏಂಜಲಿಸ್‌ಗೆ ಬಂತು. ಕೆಲಸ ಅರಸಿ ಊರು ಬಿಟ್ಟವರ ಪಾಡು ಎಲ್ಲಿಯೂ ಒಂದೇ. ೧೯೮೪ರಲ್ಲಿ ‘ಹಾರ್ಡ್‌ಬಾಡೀಸ್’ ಎಂಬ ಚಲನಚಿತ್ರದಲ್ಲಿ ಅವರು ಕಾಣಿಸಿಕೊಂಡರು. ಆದರೆ ಅಲ್ಲಿ ಅವರ ಮೇಳದ ಹೆಸರು ವಿಕ್ಸನ್ ಅಲ್ಲ. ಎಳೆಯ ಮಕ್ಕಳ ಬಟ್ಟೆಯಿಂದ ಏಳುವ ಗಂದೆಯ ಹೆಸರನ್ನು ಹಾಸ್ಯಕ್ಕಾಗಿ ಅವರಿಗೆ ಇಡಲಾಗಿತ್ತು! ಮೊದಲ ಬಾರಿಗೆ ತೆರೆಯ ಮೇಲೆ ಬಂದಾಗ ಸ್ವಂತ ಹೆಸರಿಗೆ ಅಲ್ಲಿ ಸ್ಥಳವಿರಲಿಲ್ಲ. ೧೯೮೬ರಲ್ಲಿ ರಾಕ್ಸಿ ಪೆಟ್ರೂಚಿ ಡ್ರಮ್ಮಿಗೂ, ಮರುವರ್ಷ ಶೇರ್ ಪೆಡರ್ಸನ್ ಮಂದ್ರಸ್ವರದ ಬೇಸ್ ಗಿಟಾರಿಗೂ ಬಂದು ಸೇರಿದ ಮೇಲೆ ನಾಲ್ವರ ತಂಡ ಗಟ್ಟಿಯಾಯಿತು.

೧೯೮೮ರಲ್ಲಿ ಇ.ಎಂ.ಐ. ಸಂಸ್ಥೆ ಅವರ ಮೊದಲ ಧ್ವನಿಸುರುಳಿಯನ್ನು ಹೊರತಂದಿತು. ಮೇಳದ ಹೆಸರೇ ಅದರ ಹೆಸರು. ಅದರಲ್ಲಿನ ‘ಎಡ್ಜ್ ಆಫ್ ಎ ಬ್ರೋಕನ್ ಹಾರ್ಟ್’ ಎಂಬ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ೨೬ನೆಯ ಸ್ಥಾನಕ್ಕೂ, ‘ಕ್ರೈಯಿನ್’ ಎಂಬುದು ೨೨ನೆಯ ಸ್ಥಾನಕ್ಕೂ ಏರಿದವು. ಧ್ವನಿಸುರುಳಿ ೪೧ನೆಯ ಸ್ಥಾನ ಮುಟ್ಟಿತು. ೫ ಲಕ್ಷ ಪ್ರತಿಗಳ ಮಾರಾಟಕ್ಕೆ ಸಲ್ಲುವ ಸುವರ್ಣ ಮನ್ನಣೆಯೂ ದೊರೆಯಿತು. ಎಂಟು ವರ್ಷ ಊರೂರು ತಿರುಗಿ ನುಡಿಸಿದವರಿಗೆ ಒಂದೇ ವರ್ಷದಲ್ಲಿ ಕೀರ್ತಿ ಬಂತೆಂದು ಪತ್ರಿಕೆಯವರಿಗೆ ಕಂಡಿರಬಹುದು. ಲೆಕ್ಕ ತಿಳಿದವರಿಗೆ ಅದು ಒಂಬತ್ತನೆಯ ವರ್ಷದ ಬೆಳೆ. ಕಾಫಿ ಗಿಡ ನೆಟ್ಟವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಇಲ್ಲಿಯೇ ತೊಡಕು ಆರಂಭ. ‘ಎಡ್ಜ್ ಆಫ್ ಎ ಬ್ರೋಕನ್ ಹಾರ್ಟ್’ ಹಾಡನ್ನು ಬರೆದವರು ಮೇಳದವರಲ್ಲ. ರಿಚರ್ಡ್ ಮಾರ್ಕ್ಸ್ ಮತ್ತು ಫೀ ವೇಬಿಲ್ ಎಂಬ ಇಬ್ಬರು ಗಂಡಸರು. ಮಾರ್ಕ್ಸ್ ಆಗಲೇ ಪ್ರಸಿದ್ಧಿಗೆ ಬಂದಿದ್ದ ಗಾಯಕರು. ‘ಕ್ರೈಯಿನ್’ ಕೂಡ ಹೊರಗಿನವರ ರಚನೆಯೇ. ಹಾಡನ್ನು ಹೊರಗಿನವರಿಂದ ಬರೆಸುವುದು ಆ ವ್ಯಾಪಾರದಲ್ಲಿ ಸಾಮಾನ್ಯ ಸಂಗತಿ. ಗಂಡಸರ ಮೇಳಗಳೂ ಬರೆಸಿಕೊಂಡಿವೆ. ಅಲ್ಲಿ ಅದು ವ್ಯಾಪಾರದ ಜಾಣ್ಮೆ ಎನಿಸಿಕೊಂಡಿತು. ಇಲ್ಲಿ ಮಾತ್ರ ‘ಇವರದೆಂಬುದು ಏನಿದೆ?’ ಎಂಬ ಪ್ರಶ್ನೆಯಾಯಿತು. ಧ್ವನಿಮುದ್ರಣದಲ್ಲಿ ನಿಜವಾಗಿ ನುಡಿಸಿದವರು ಇವರೇ ಹೌದೋ ಅಲ್ಲವೋ ಎಂಬ ಅನುಮಾನವೂ ಬೆನ್ನು ಹತ್ತಿತು. ಇದಕ್ಕೆ ಉತ್ತರ ಒಂದೇ: ರಂಗದ ಮೇಲೆ ನಿಂತು ನುಡಿಸಿ ತೋರಿಸುವುದು. ಅವರು ಅದನ್ನೇ ಮಾಡಿದರು. ಸ್ಕಾರ್ಪಿಯನ್ಸ್, ಓಜಿ ಆಸ್ಬೋರ್ನ್ ಮೊದಲಾದ ದೊಡ್ಡ ಹೆಸರುಗಳೊಡನೆ ಊರಿಂದ ಊರಿಗೆ ಹೋಗಿ, ಅವರನ್ನು ನೋಡಲು ಬಂದ ಸಾವಿರಾರು ಜನರ ಮುಂದೆ ಮೊದಲು ನುಡಿಸಿದರು. ಬೇರೆಯವರಿಗಾಗಿ ಕಾದು ಕುಳಿತ ಜನರನ್ನು ಗೆಲ್ಲುವುದು ಎಷ್ಟು ಕಷ್ಟವೆಂಬುದು ನಮ್ಮ ಕಾಲೇಜು ದಿನಾಚರಣೆಯಲ್ಲಿ ಸ್ವಾಗತಗೀತೆ ಹಾಡಿದವರಿಗೆ ಗೊತ್ತು.

ಎರಡನೆಯ ಧ್ವನಿಸುರುಳಿ ‘ರೆವ್ ಇಟ್ ಅಪ್’ ೧೯೯೦ರಲ್ಲಿ ಬಂತು. ಈ ಸಲ ರಚನೆಯಲ್ಲಿ ಸದಸ್ಯೆಯರ ಪಾಲು ಹೆಚ್ಚು. ವಿಪರ್ಯಾಸವೆಂದರೆ ಮಾರಾಟದ ಪಟ್ಟಿಯಲ್ಲಿ ಅದು ೫೨ನೆಯ ಸ್ಥಾನದಲ್ಲಿಯೇ ನಿಂತಿತು. ಸ್ವಂತ ಮಾತು ಆಡಲು ಕಲಿತ ವೇಳೆಗೆ ಕೇಳುವ ಕಿವಿಗಳು ಬೇರೆ ಕಡೆ ತಿರುಗತೊಡಗಿದ್ದವು. ೧೯೯೧ರ ಸೆಪ್ಟೆಂಬರಿನಲ್ಲಿ ‘ನಿರ್ವಾಣ’ ಎಂಬ ಮೇಳದ ‘ನೆವರ್‌ಮೈಂಡ್’ ಬಂತು. ಮರುವರ್ಷ ಜನವರಿಯಲ್ಲಿ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಹರಕು ಅಂಗಿ, ಬಾಚದ ತಲೆ, ಒಳಗಿನ ಬೇಗುದಿಯ ಹಾಡು. ಇವು ಹೊಸ ಕಾಲದ ಲಕ್ಷಣಗಳಾದವು. ಥಳುಕು ನಗೆಪಾಟಲಾಯಿತು. ಮಾರುಕಟ್ಟೆ ಬಿದ್ದೊಡನೆ ನೂರಾರು ಮೇಳಗಳು ಚದುರಿದವು. ಒಳಗಿನ ಭಿನ್ನಾಭಿಪ್ರಾಯಗಳೂ ಸೇರಿ, ವಿಕ್ಸನ್ ಕೂಡ ಆ ದಶಕದ ಮೊದಲ ವರ್ಷಗಳಲ್ಲಿಯೇ ಒಡೆಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ನನ್ನನ್ನು ಬಹಳವಾಗಿ ಯೋಚನೆಗೆ ಹಚ್ಚಿದುದು ಮುಂದಿನ ಭಾಗ.

ಕೆಲವು ವರ್ಷಗಳ ಬಳಿಕ ಡ್ರಮ್ಮಿನ ರಾಕ್ಸಿಯವರೂ ಗಾಯಕಿ ಜ್ಯಾನೆಟ್ ಅವರೂ ಬೇರೆ ವಾದಕಿಯರೊಡನೆ ಮೇಳವನ್ನು ಮತ್ತೆ ಕಟ್ಟಿದರು. ೧೯೯೮ರಲ್ಲಿ ‘ಟ್ಯಾಂಜರೀನ್’ ಎಂಬ ಧ್ವನಿಸುರುಳಿ ವಿಕ್ಸನ್ ಹೆಸರಿನಲ್ಲಿಯೇ ಬಂತು. ಅದರಲ್ಲಿ ಮೇಳದ ಸಂಸ್ಥಾಪಕಿ ಜ್ಯಾನ್ ಇರಲಿಲ್ಲ. ಹೆಸರು ತಮ್ಮದೆಂದು ಅವರು ನ್ಯಾಯಾಲಯಕ್ಕೆ ಹೋದರು. ಕೊನೆಗೆ ಹೆಸರು ಅವರಲ್ಲಿಯೇ ಉಳಿಯಿತು. ೨೦೦೧ರಲ್ಲಿ ಅವರು ಮೇಳವನ್ನು ಪುನಃ ಎಬ್ಬಿಸಿ, ಅದು ಒಡೆದಾಗ ಹೊಸಬರನ್ನು ಕೂಡಿಸಿಕೊಂಡು, ೨೦೦೬ರಲ್ಲಿ ‘ಲೈವ್ ಅಂಡ್ ಲರ್ನ್’ ಎಂಬುದನ್ನು ಹೊರತಂದರು. ನಡುವೆ ೨೦೦೪ರಲ್ಲಿ ಒಂದು ದೂರದರ್ಶನ ಕಾರ್ಯಕ್ರಮಕ್ಕಾಗಿ ಹಳೆಯ ನಾಲ್ವರೂ ಒಂದು ರಾತ್ರಿಯ ಮಟ್ಟಿಗೆ ಒಟ್ಟಿಗೆ ನುಡಿಸಿದ್ದುಂಟು.

ಈ ವ್ಯಾಜ್ಯದಲ್ಲಿ ನ್ಯಾಯ ಯಾರ ಕಡೆಗಿತ್ತು? ಕಟ್ಟಿದವರು ಒಬ್ಬರು. ಆದರೆ ಜನ ಗುರುತಿಸುತ್ತಿದ್ದ ದನಿ ಇನ್ನೊಬ್ಬರದು, ತಾಳ ಮತ್ತೊಬ್ಬರದು. ಕಾನೂನು ಹೆಸರನ್ನು ಆಸ್ತಿಯೆಂದು ಎಣಿಸಿ ಒಬ್ಬರಿಗೆ ಕೊಡಬಲ್ಲುದು. ಅದು ಸರಿಯೂ ಹೌದು. ಆದರೂ ಹೆಸರೆಂಬುದು ಒಬ್ಬರ ಬೆವರಿನಿಂದ ಆಗುವಂಥದಲ್ಲ. ಇದನ್ನು ಆ ಹೆಂಗಸರೂ ಅರಿತಿದ್ದರೆಂದು ತೋರುತ್ತದೆ. ಮುಂದೆ ಜ್ಯಾನೆಟ್, ಶೇರ್, ರಾಕ್ಸಿ ಮೂವರೂ ಇನ್ನೊಬ್ಬ ಗೆಳತಿಯೊಡನೆ ನುಡಿಸುವಾಗ ವಿಕ್ಸನ್ ಹೆಸರನ್ನು ಮುಟ್ಟಲಿಲ್ಲ. ತಮ್ಮ ಹೆಸರುಗಳ ಮೊದಲಕ್ಷರಗಳನ್ನೇ ಮೇಳಕ್ಕೆ ಇಟ್ಟುಕೊಂಡರು. ಹಳೆಯವರೆಲ್ಲ ಮತ್ತೆ ಕೂಡುವ ಮಾತುಕತೆಯೂ ನಡೆದಿತ್ತು. ಅಷ್ಟರಲ್ಲಿ ಜ್ಯಾನ್ ಅವರಿಗೆ ಕ್ಯಾನ್ಸರ್ ಕಾಣಿಸಿಕೊಂಡು, ೨೦೧೩ರ ಅಕ್ಟೋಬರ್ ೧೦ರಂದು ಅವರು ತೀರಿಕೊಂಡರು. ಅನಂತರ ಉಳಿದವರು ವಿಕ್ಸನ್ ಎಂಬ ಹೆಸರಿನಲ್ಲಿಯೇ ನುಡಿಸಿದರು. ೨೦೧೯ರಲ್ಲಿ ಜ್ಯಾನೆಟ್ ಮೇಳವನ್ನು ಬಿಟ್ಟಾಗ ಅವರ ಸ್ಥಾನಕ್ಕೆ ಲೊರೇನ್ ಲೂಯಿಸ್ ಬಂದರು. ಕಟ್ಟಿದವರು ಹೋದರು, ದನಿ ಬದಲಾಯಿತು; ಹೆಸರು ನಿಂತಿತು.

ಹೆಸರಿನ ಕಷ್ಟ ಇವರೊಬ್ಬರದೇ ಅಲ್ಲ. ಜರ್ಮನಿಯ ಡೋರೊ ಪೆಷ್ ಎಂಬ ಗಾಯಕಿ ‘ವಾರ್‌ಲಾಕ್’ ಎಂಬ ಮೇಳವನ್ನು ಮುನ್ನಡೆಸಿ ೧೯೮೭ರಲ್ಲಿ ದೊಡ್ಡ ಯಶಸ್ಸು ಕಂಡರು. ಸ್ವಲ್ಪ ಕಾಲದಲ್ಲಿಯೇ ಮೇಳದ ಹೆಸರಿನ ಹಕ್ಕು ಹಿಂದಿನ ವ್ಯವಸ್ಥಾಪಕನ ಪಾಲಾಯಿತು. ಆಕೆ ಎದೆಗುಂದದೆ ‘ಡೋರೊ’ ಎಂಬ ತಮ್ಮ ಹೆಸರಿನಲ್ಲಿಯೇ ಹಾಡುತ್ತ ಹೋದರು. ೨೦೧೧ರಲ್ಲಿ, ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, ಹಳೆಯ ಹೆಸರು ಅವರ ಕೈಗೆ ಮರಳಿತು. ಹೆಸರು ಕೈಬಿಟ್ಟಾಗಲೂ ಅವರನ್ನು ಕಾಪಾಡಿದುದು ಕಂಠದಲ್ಲಿದ್ದ ವಿದ್ಯೆ.

ಇಷ್ಟು ದೂರ ಹೋದವರು ಬೆಂಗಳೂರಿಗೆ ಬಂದು ನೋಡಿದರೆ, ಇದೇ ಮಾತಿಗೆ ಇನ್ನೂ ಚೆಲುವಾದ ದೃಷ್ಟಾಂತ ಸಿಕ್ಕುತ್ತದೆ. ೧೯೫೮ರಲ್ಲಿ, ವಿಕ್ಸನ್ ಹುಟ್ಟುವುದಕ್ಕೆ ಇಪ್ಪತ್ತೆರಡು ವರ್ಷ ಮೊದಲು, ಆರ್. ನಾಗರತ್ನಮ್ಮನವರು ‘ಸ್ತ್ರೀ ನಾಟಕ ಮಂಡಳಿ’ಯನ್ನು ಕಟ್ಟಿದರು. ಅದರ ನಟವರ್ಗವೆಲ್ಲ ಹೆಂಗಸರೇ. ಮೀಸೆ ಅಂಟಿಸಿ, ಕಿರೀಟ ತೊಟ್ಟು, ಕಂಸ, ರಾವಣ, ದುರ್ಯೋಧನರಾಗಿ ನಾಗರತ್ನಮ್ಮನವರೇ ರಂಗಕ್ಕೆ ಬರುತ್ತಿದ್ದರು. ಗಂಡಸರು ಸೀರೆಯುಟ್ಟು ಗಳಿಸಿದ ಕೀರ್ತಿಯನ್ನು ಇವರು ಗದೆ ಹಿಡಿದು ಗಳಿಸಿದರು. ಕಿರೀಟ, ಭುಜಕೀರ್ತಿ, ಝಗಝಗಿಸುವ ಪರದೆ, ಹಾರ್ಮೋನಿಯಮ್ಮಿನ ಅಬ್ಬರ. ಥಳುಕು ಅಲ್ಲಿಯೂ ಇತ್ತು. ಆದರೆ ಅಲ್ಲಿ ಕಟ್ಟಿದವರೂ, ನಡೆಸಿದವರೂ, ಮುಂದೆ ನಿಂತು ಗರ್ಜಿಸಿದವರೂ ಒಬ್ಬರೇ. ಆದುದರಿಂದ ಇದು ಯಾರ ಮಂಡಳಿ ಎಂಬ ಪ್ರಶ್ನೆಗೆ ಎಡೆಯಿರಲಿಲ್ಲ. ಅವರಿಗೆ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂತು. ೨೦೧೨ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಅವರು ಕಣ್ಮರೆಯಾದರು.

ಎಲ್ಲ ಕಥೆಗಳೂ ಹೀಗೆ ಮುಗಿಯುವುದಿಲ್ಲ. ಅದೇ ೨೦೧೨ರ ಡಿಸೆಂಬರಿನಲ್ಲಿ ಕಾಶ್ಮೀರದ ಶ್ರೀನಗರದಲ್ಲಿ ‘ಪ್ರಗಾಶ್’ ಎಂಬ ಮೂವರು ಶಾಲಾ ಬಾಲಕಿಯರ ರಾಕ್ ಮೇಳ ಒಂದು ಸ್ಪರ್ಧೆಯ ರಂಗವನ್ನೇರಿತು. ಆ ಹೆಸರಿಗೆ ಬೆಳಕು ಎಂದರ್ಥ. ಬೆದರಿಕೆಗಳು ಬಂದವು; ಧಾರ್ಮಿಕ ನಿಷೇಧದ ಆಜ್ಞೆಯೂ ಬಂತು. ೨೦೧೩ರ ಫೆಬ್ರವರಿಯಲ್ಲಿ ಆ ಹುಡುಗಿಯರು ವಾದ್ಯಗಳನ್ನು ಕೆಳಗಿಟ್ಟರು. ವಿಕ್ಸನ್‌ಗೆ ಮೂವತ್ತು ವರ್ಷ ಹೋರಾಡಲು ಒಂದು ಹೆಸರಾದರೂ ಇತ್ತು. ಇವರ ಹೆಸರಿಗೆ ಮೂರು ತಿಂಗಳ ಆಯು‍ಸ್ಸೂ ಸಿಕ್ಕಲಿಲ್ಲ. ನನ್ನ ಕೈಯಿಂದ ಕೋಲು ತೆಗೆದುಕೊಂಡವರು ಚಹಾ ಕೊಡಿಸಿದ್ದರು ಎಂಬುದನ್ನು ನೆನೆದು, ನನ್ನ ದುಃಖ ಎಷ್ಟು ಚಿಕ್ಕದೆಂದು ಅಂದು ತಿಳಿದೆ.

ಹೆಸರಿನ ಮಾತನ್ನು ಇಷ್ಟು ಬೆಳೆಸುವುದಕ್ಕೆ ಕಾರಣ ಈ ಕೊಡಗೇ. ಇಲ್ಲಿ ಹೆಸರಿಗೆ ಇರುವ ಗೌರವ ಬೇರೆಡೆ ಅಪರೂಪ. ಕೊಡವರಲ್ಲಿ ವ್ಯಕ್ತಿಯ ಹೆಸರಿಗೆ ಮೊದಲು ಮನೆತನದ ಹೆಸರು ಬರುತ್ತದೆ. ೧೯೨೪ರಲ್ಲಿ ಕೊಡವರ ಹಾಡುಗಳನ್ನೂ ಪದ್ಧತಿಗಳನ್ನೂ ಸಂಗ್ರಹಿಸಿ ‘ಪಟ್ಟೋಲೆ ಪಳಮೆ’ಯನ್ನು ಕೊಟ್ಟವರನ್ನು ನಾವು ನಡಿಕೇರಿಯಂಡ ಚಿಣ್ಣಪ್ಪನವರೆಂದೇ ನೆನೆಯುತ್ತೇವೆ. ೧೯೯೭ರಲ್ಲಿ ಪಾಂಡಂಡ ಮನೆತನದವರಿಂದ ಆರಂಭವಾದ ಕೌಟುಂಬಿಕ ಹಾಕಿ ಪಂದ್ಯಾವಳಿಯನ್ನು ಒಂದೊಂದು ಸಲ ಒಂದೊಂದು ಮನೆತನ ನಡೆಸುತ್ತದೆ. ಆ ವರ್ಷ ಆ ಮನೆತನದ ಹೆಸರು ನಾಡಿನ ಬಾಯಲ್ಲಿರುತ್ತದೆ. ನಾನು ಇದನ್ನೆಲ್ಲ ಬೇಲಿಯ ಆಚೆಯಿಂದ ಮೆಚ್ಚಿ ನೋಡಿದವಳು. ತೋಟದ ಕೆಲಸಕ್ಕೆಂದು ನನ್ನ ಅಜ್ಜಿಯ ಕಾಲದಲ್ಲಿ ಘಟ್ಟದ ಮೇಲಕ್ಕೆ ಬಂದ ನಮ್ಮಂಥವರಿಗೆ ಮನೆತನದ ಹೆಸರಿಲ್ಲ. ತೋಟದ ಹೆಸರೇ ವಿಳಾಸ. ತೋಟದ ಚೆಕ್‌ರೋಲಿನಲ್ಲಿ ನನ್ನ ತಾಯಿ ‘ಲಕ್ಷ್ಮಿ ೨’. ಅದೇ ಲೈನಿನಲ್ಲಿ ಇನ್ನೊಬ್ಬ ಲಕ್ಷ್ಮಿ ಇದ್ದಾರೆ. ಅವರು ಮೊದಲು ಬಂದವರು, ಆದುದರಿಂದ ಅವರು ಒಂದು. ರೈಟರಿಗೆ ಇದರಲ್ಲಿ ದುರುದ್ದೇಶವೇನೂ ಇಲ್ಲ, ಲೆಕ್ಕ ತಪ್ಪಬಾರದಲ್ಲ! ಅವ್ವನನ್ನು ಕೇಳಿದರೆ, “ಹೆಸರಲ್ಲಿ ಏನೈತೆ, ಸಂಬಳ ಸರಿಯಾಗಿ ಬಂದ್ರೆ ಸಾಕು” ಎನ್ನುತ್ತಾಳೆ. ಆದರೆ ಹಣ್ಣು ಕುಯ್ಯುವ ದಿನಗಳಲ್ಲಿ ಆಕೆಯ ಚೀಲದ ತೂಕವನ್ನು ಇನ್ನೊಬ್ಬ ಲಕ್ಷ್ಮಿಯ ಲೆಕ್ಕಕ್ಕೆ ಬರೆದಾಗ ಅದೇ ಅವ್ವ ಕತ್ತಲಾಗುವವರೆಗೆ ನಿಂತು ತಿದ್ದಿಸಿಕೊಂಡೇ ಬಂದಳು. ಹೆಸರಿನಲ್ಲಿ ಏನಿದೆಯೆಂದು ಆಕೆಗೆ ಯಾವ ಸಂಸ್ಥಾಪಕಿಗಿಂತಲೂ ಚೆನ್ನಾಗಿ ಗೊತ್ತು: ದುಡಿದವರ ದುಡಿಮೆ ಅವರ ಲೆಕ್ಕಕ್ಕೇ ಸೇರಬೇಕು.

ವಿಕ್ಸನ್ ಮೇಳದ ಕಥೆಯಿಂದ ನಾನು ತಿಳಿದುಕೊಂಡುದೂ ಅದೇ. ಬಣ್ಣ ಕಾಲಕ್ಕೆ ಸೇರಿದ್ದು. ಕಾಲ ಬದಲಾದಾಗ ತೊಳೆದುಹೋಗುತ್ತದೆ. ನಾದ ಅಭ್ಯಾಸಕ್ಕೆ ಸೇರಿದ್ದು. ಕಲಿತವರನ್ನು ಅದು ಕೈಬಿಡುವುದಿಲ್ಲ. ಹೆಸರು ಇವೆರಡರಿಂದಲೂ ಹುಟ್ಟುತ್ತದೆ, ಆದರೆ ತಾನಾಗಿ ಉಳಿಯುವುದಿಲ್ಲ. ನಿಂತು ಕೇಳಿ ಉಳಿಸಿಕೊಳ್ಳಬೇಕಾಗುತ್ತದೆ. ಉಳಿಸಿಕೊಂಡವರು ಜೊತೆಯವರ ಬೆವರನ್ನು ಮರೆಯದಿದ್ದರೆ ಅದಕ್ಕೆ ಶೋಭೆ.

ನಾವು ಹೆಣ್ಣುಮಕ್ಕಳು ಹೆಚ್ಚಿನ ಸಂಖ್ಯೆಯಲ್ಲಿ ಈ ಕಾಲೇಜಿನಿಂದ ಹೊರಗೆ ಹೋಗುತ್ತಿದ್ದೇವೆ. ನನ್ನಂತೆ ಮನೆಯಲ್ಲಿ ಮೊದಲ ಬಾರಿಗೆ ಪದವಿ ಪಡೆಯುವವರು ಹಲವರಿದ್ದಾರೆ. ಪದವೀಪತ್ರದ ಮೇಲೆ ಅಚ್ಚಾಗುವ ಹೆಸರನ್ನು ಬರಿಯ ಥಳುಕೆಂದು ಯಾರೂ ಅನ್ನದಂತೆ ನೋಡಿಕೊಳ್ಳುವ ಹೊಣೆ ನಮ್ಮದು. ಈ ವರ್ಷವೂ ಗಣೇಶನ ಹಬ್ಬಕ್ಕೆ ಅದೇ ಆರ್ಕೆಸ್ಟ್ರಾದವರು ಬಂದಿದ್ದರು. ಆ ಹಿರಿಯರ ಬಳಿ ಹೋಗಿ ನಾನು ಕೋಲು ಕೇಳಲಿಲ್ಲ, ಕಲಿಸಿಕೊಡಿ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಕೈಗಳನ್ನು ನೋಡಿ, “ಭಾನುವಾರ ಬಾ” ಎಂದರು. ಈಗ ನಾಲ್ಕು ಭಾನುವಾರ ಕಳೆದಿದೆ. ಎಡಗೈ ಇನ್ನೂ ತಾಳ ತಪ್ಪುತ್ತದೆ.